ಮುಂದಿನ ದೋಣಿ ಮುಟ್ಟಿದ್ರೆ ಸಾಕು

ಭಾಗ 1/7

ಫೋಟೋ ನಮ್ಮೂರ ಸ್ಟೇಷನ್‌ದು. ಕ್ಯಾಸಲ್‌ರಾಕ್. ಇಲ್ಲಿಂದ ಗೋವಾ ಕಡೆ ಘಟ್ಟ ಇಳಿಯೋಕೆ ಇರೋದು ಒಂದೇ ಹಳಿ. ಒಂದು ಗಾಡಿ ದಾಟಿ ಹೋಗೋ ತನಕ ಇನ್ನೊಂದು ಗಾಡಿ ಕೆಂಪು ಸಿಗ್ನಲ್ ನೋಡ್ತಾ ನಿಂತಿರಬೇಕು. ಹಿಂದಿನ ಗಾಡಿ ಮುಂದಿನದರ ಬೆನ್ನಿಗೆ ಮುಟ್ಟೋದು ಅಂದ್ರೆ ನಮ್ಮೂರಲ್ಲಿ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ.

ಅದಕ್ಕೇ ಇರಬೇಕು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಂದು ವಿಡಿಯೋ ನೋಡಿದಾಗ ನನಗೆ ಮೊದಲು ನಗು ಬಂತು. ಒಂದು ಸಣ್ಣ ನದಿ. ಕಾಲೇಜು ಹುಡುಗ ಹುಡುಗಿಯರ ಉದ್ದುದ್ದ ದೋಣಿಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿವೆ. ಫಿರಂಗಿ ಢಂ ಅಂತು, ಎಲ್ಲಾ ಒಟ್ಟಿಗೆ ಹೊರಟವು. ಗೆಲ್ಲೋದು ಹೇಗೆ ಅಂದ್ರೆ, ಹೋಗಿ ಮುಂದಿನ ದೋಣಿಗೆ ಗುದ್ದಬೇಕು! ಆಟದ ಹೆಸರೇ ಬಂಪ್ಸ್.

ಮೂರು ವಾರದಿಂದ ಇದೇ ಹುಚ್ಚು ಹಿಡಿದಿದೆ. ರೋಯಿಂಗ್ ಆಡೋಕೆ ಹೊರಟಿಲ್ಲ ನಾನು, ಗಾಬರಿ ಆಗಬೇಡಿ. ನಾನು ಖೋಖೋ ಆಡೋಳು. ಆದ್ರೆ ಈ ವರ್ಷ ನಮ್ಮ ಕಾಲೇಜಿನ ಹುಡುಗಿಯರ ಖೋಖೋ ತಂಡವನ್ನ ಯಾವ ಟೂರ್ನಮೆಂಟಿಗೂ ಕಳಿಸಲ್ಲ ಅಂತ ಹೇಳಿದಾರೆ. ಕಾರಣ, "ಪ್ರತಿ ಸಲ ಫಸ್ಟ್ ರೌಂಡ್‌ನಲ್ಲೇ ಔಟ್."

ಆ ಮಾತಿಗೆ ಉತ್ತರ ನನಗೆ ಸಿಕ್ಕಿದ್ದು ಆ ನದಿಯಲ್ಲಿ. ಏಳು ಪೋಸ್ಟ್ ಇದೆ, ಕೊನೆ ತನಕ ಬನ್ನಿ.

ಭಾಗ 2/7

ಮೊದಲು ಆಟ ಏನು ಅಂತ ಹೇಳ್ತೀನಿ.

ಕೇಂಬ್ರಿಡ್ಜ್ ಯೂನಿವರ್ಸಿಟಿಯಲ್ಲಿ ಬೇರೆ ಬೇರೆ ಕಾಲೇಜುಗಳಿವೆ, ಪ್ರತಿ ಕಾಲೇಜಿಗೂ ಒಂದು ಬೋಟ್ ಕ್ಲಬ್. ಅಲ್ಲಿನ ಕ್ಯಾಮ್ ನದಿ ಎಷ್ಟು ಕಿರಿದು ಅಂದ್ರೆ ರೇಸ್ ದೋಣಿಗಳು ಅಕ್ಕಪಕ್ಕ ನಿಂತು ಓಡೋಕೆ ಜಾಗ ಇಲ್ಲ. ನಮ್ಮ ಘಟ್ಟದ ಹಳಿ ಥರಾನೇ. ಹಾಗಂತ ಅವರು ರೇಸ್ ಬಿಡಲಿಲ್ಲ, ರೇಸಿನ ನಿಯಮ ಬದಲಾಯಿಸಿದರು. ಅಲ್ಲಿ ಬಂಪ್ಸ್ ಶುರುವಾಗಿದ್ದು 1827ರಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಅದಕ್ಕೂ ಮುಂಚೆ, 1815ರಲ್ಲಿ.

ದೋಣಿಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ, ನಡುವೆ ಸುಮಾರು ಒಂದೂವರೆ ದೋಣಿಯಷ್ಟು ಅಂತರ. ಅಂತರ ಹೆಚ್ಚುಕಮ್ಮಿ ಆಗಬಾರದು ಅಂತ ದಡಕ್ಕೆ ಕಟ್ಟಿದ ಸರಪಳಿಯ ತುದಿಯನ್ನ ಚುಕ್ಕಾಣಿ ಹಿಡಿದವರು ಕೈಯಲ್ಲಿ ಹಿಡ್ಕೊಂಡಿರ್ತಾರೆ. ನಾಲ್ಕು ನಿಮಿಷ ಬಾಕಿ ಇದ್ದಾಗ ಒಂದು ಫಿರಂಗಿ, ಒಂದು ನಿಮಿಷಕ್ಕೆ ಇನ್ನೊಂದು, ಮೂರನೇದಕ್ಕೆ ಸರಪಳಿ ಬಿಟ್ಟು ಹೊರಡೋದು.

ದೋಣಿಯಲ್ಲಿ ಎಂಟು ಜನ ಹುಟ್ಟು ಹಾಕೋರು, ಒಬ್ಬರು ಕಾಕ್ಸ್, ಅಂದ್ರೆ ದಾರಿ ತೋರಿಸೋರು. ಎಂಟು ಪ್ಲಸ್ ಒಂದು. ಖೋಖೋ ಆಡಿದವರಿಗೆ ಈಗ ಏನೋ ಹೊಳೆದಿರಬೇಕು. ನಮ್ಮಲ್ಲೂ ಎಂಟು ಜನ ಕೂತಿರ್ತಾರೆ, ಒಬ್ಬಳು ಬೆನ್ನಟ್ಟುತ್ತಾಳೆ!

ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿದವರು ಮುಖ ಮುಂದಕ್ಕೆ ಮಾಡಿ ಕೂರ್ತಾರೆ. ಇಲ್ಲಿ ಎಂಟೂ ಜನರ ಮುಖ ಹಿಂದಕ್ಕೆ. ಯಾರನ್ನ ಹಿಡೀಬೇಕೋ ಆ ದೋಣಿ ಅವರಿಗೆ ಕಾಣೋದೇ ಇಲ್ಲ. ಕಾಣೋದು ತಮ್ಮನ್ನ ಹಿಡಿಯೋಕೆ ಬರ್ತಿರೋ ದೋಣಿ ಮಾತ್ರ. ದಡದ ಮೇಲೆ ಸೈಕಲ್ ತುಳೀತಾ ಬರೋ ತಮ್ಮವರು ಸೀಟಿ ಊದಿ, ಮುಂದಿನ ದೋಣಿ ಎಷ್ಟು ಹತ್ತಿರ ಬಂತು ಅಂತ ತಿಳಿಸ್ತಾರೆ. ಕಣ್ಣಿಗೆ ಕಾಣದ್ದನ್ನ ಸೀಟಿ ನಂಬಿ ಬೆನ್ನಟ್ಟೋದು. ಸೆಮಿಸ್ಟರ್ ಪರೀಕ್ಷೆಗೆ ಓದೋದು ಇದಕ್ಕಿಂತ ಬೇರೆ ಏನಲ್ಲ ಬಿಡಿ.

ಭಾಗ 3/7

ಮುಂದಿನ ದೋಣಿಗೆ ಮುಟ್ಟಿದ ತಕ್ಷಣ, ಅಥವಾ ಆ ದೋಣಿಯ ಕಾಕ್ಸ್ ಕೈ ಎತ್ತಿ ಒಪ್ಪಿಕೊಂಡ ತಕ್ಷಣ, ಎರಡೂ ದೋಣಿ ಬದಿಗೆ ಸರಿದು ಉಳಿದವರಿಗೆ ದಾರಿ ಬಿಡಬೇಕು. ಮರುದಿನ ಇಬ್ಬರ ಜಾಗ ಅದಲು ಬದಲು. ಯಾರನ್ನೂ ಮುಟ್ಟದೆ, ಯಾರ ಕೈಗೂ ಸಿಗದೆ ಕೊನೆ ತನಕ ಹೋದ್ರೆ ಜಾಗ ಹಾಗೇ ಇರುತ್ತೆ.

ಇದು ನಾಲ್ಕು ದಿನದ ಆಟ. ದೊಡ್ಡದಕ್ಕೆ ಮೇ ಬಂಪ್ಸ್ ಅಂತ ಹೆಸರು, ನಡೆಯೋದು ಜೂನ್‌ನಲ್ಲಿ. (ನಮ್ಮ ಟೈಮ್‌ಟೇಬಲ್ ಮಾಡೋರಿಗೆ ಸಮಾಧಾನ ಆಗಲಿ ಅಂತ ಹೇಳಿದೆ.) ನೂರಕ್ಕೂ ಹೆಚ್ಚು ದೋಣಿಗಳು, ಗಂಡಸರವು ಬೇರೆ, ಹೆಂಗಸರವು ಬೇರೆ. ಒಂದೊಂದು ಡಿವಿಷನ್‌ನಲ್ಲಿ ಸುಮಾರು 17. ಒಂದು ಕಾಲೇಜಿನಿಂದಲೇ ಮೊದಲ ದೋಣಿ, ಎರಡನೇ ದೋಣಿ, ಮೂರನೇ ದೋಣಿ ಅಂತ ಇರ್ತವೆ. ಹೋದ ವರ್ಷ ಹುಟ್ಟು ಹಿಡಿಯೋದನ್ನ ಕಲಿತವರೂ ಇರ್ತಾರೆ.

ಕೆಳಗಿನ ಡಿವಿಷನ್‌ನ ಮೊದಲ ದೋಣಿಗೆ ಅದೇ ದಿನ ಇನ್ನೊಂದು ಕೆಲಸ. ಮೇಲಿನ ಡಿವಿಷನ್‌ನ ಕೊನೇ ಜಾಗದಲ್ಲಿ ನಿಂತು ಮತ್ತೆ ಓಡಬೇಕು. ಅದಕ್ಕೆ ಸ್ಯಾಂಡ್‌ವಿಚ್ ಬೋಟ್ ಅಂತಾರೆ. ದಿನಕ್ಕೆ ಎರಡು ರೇಸ್, ಕೈ ಬೊಬ್ಬೆ ಬಂದಿರುತ್ತೆ. ಆದ್ರೆ ಮೇಲಕ್ಕೆ ಹೋಗೋ ಬಾಗಿಲು ಅದೊಂದೇ.

ಎಲ್ಲಕ್ಕಿಂತ ಮೇಲಿರೋ ದೋಣಿಗೆ "ಹೆಡ್ ಆಫ್ ದ ರಿವರ್" ಅನ್ನೋ ಪಟ್ಟ. ಅದು ಒಬ್ಬರಿಗೇ. ಆದ್ರೆ ನಾಲ್ಕೂ ದಿನ ಒಂದೊಂದು ಬಂಪ್ ಮಾಡಿದವರಿಗೆ "ಬ್ಲೇಡ್ಸ್", ಅಂದ್ರೆ ತಮ್ಮ ಹೆಸರು ಬರೆಸಿದ ಹುಟ್ಟನ್ನ ಗೋಡೆಗೆ ತೂಗು ಹಾಕೋ ಹಕ್ಕು. ನಾಲ್ಕೂ ದಿನ ಗುದ್ದಿಸಿಕೊಂಡವರಿಗೆ "ಸ್ಪೂನ್ಸ್". ತಮಾಷೆಗೆ ಮರದ ಚಮಚ!

ನನಗೆ ಇಷ್ಟ ಆಗಿದ್ದು ಇದು: ಆ ಬ್ಲೇಡ್ಸ್ ಮೇಲಿನ ಡಿವಿಷನ್‌ಗೆ ಮಾತ್ರ ಮೀಸಲಲ್ಲ. ಕೆಳಗಿನ ಡಿವಿಷನ್‌ನಲ್ಲಿ ಹೊಸಬರ ಮೂರನೇ ದೋಣಿ ನಾಲ್ಕು ಜಾಗ ಮೇಲೆ ಬಂದ್ರೂ ಅದೇ ಗೌರವ. ನೀನು ಎಲ್ಲಿ ಇದ್ದೀ ಅಂತ ಯಾರೂ ಕೇಳಲ್ಲ. ಎಲ್ಲಿಂದ ಎಲ್ಲಿಗೆ ಬಂದೆ ಅಂತ ಕೇಳ್ತಾರೆ.

ಭಾಗ 4/7

ಈಗ ನಮ್ಮ ಬಿ.ಕಾಂ. ಮಂದಿಗೆ.

ನಾಲ್ಕನೇ ದಿನ ಸಂಜೆ ದೋಣಿಗಳು ಯಾವ ಕ್ರಮದಲ್ಲಿ ಇರ್ತವೋ, ಮುಂದಿನ ವರ್ಷ ಮೊದಲ ದಿನ ಅದೇ ಕ್ರಮದಲ್ಲಿ ನಿಲ್ಲುತ್ತವೆ. ಕ್ಲೋಸಿಂಗ್ ಬ್ಯಾಲೆನ್ಸೇ ಓಪನಿಂಗ್ ಬ್ಯಾಲೆನ್ಸ್. ಫಸ್ಟ್ ಸೆಮ್‌ನಲ್ಲಿ ಲೆಡ್ಜರ್ ಕೆಳಗೆ ಗೆರೆ ಎಳೆದು "ಬ್ಯಾಲೆನ್ಸ್ ಕ್ಯಾರೀಡ್ ಡೌನ್" ಅಂತ ಬರೀತಿದ್ವಲ್ಲ, ನದಿ ಮೇಲೆ ಬರೆದದ್ದು ಅದನ್ನೇ.

ಕೋವಿಡ್‌ನಿಂದ 2020, 2021ರಲ್ಲಿ ಮೇ ಬಂಪ್ಸ್ ನಡೀಲಿಲ್ಲ. 2022ರಲ್ಲಿ ಮತ್ತೆ ಶುರುವಾದಾಗ ದೋಣಿಗಳನ್ನ ನಿಲ್ಲಿಸಿದ್ದು 2019ರ ಕೊನೇ ದಿನದ ಲೆಕ್ಕದಲ್ಲಿ. ಅಷ್ಟರಲ್ಲಿ 2019ರಲ್ಲಿ ಹುಟ್ಟು ಹಾಕಿದ ಹೆಚ್ಚಿನವರು ಡಿಗ್ರಿ ಮುಗಿಸಿ ಹೋಗಿಬಿಟ್ಟಿದ್ದರು. ಆದ್ರೆ ಅವರು ಗಳಿಸಿದ ಜಾಗ ಹೋಗಿರಲಿಲ್ಲ. ಮುಖ ನೋಡದ ಜೂನಿಯರ್‌ಗಳು ಬಂದು ಆ ಜಾಗದಲ್ಲಿ ಕೂತರು.

ಅಕೌಂಟಿಂಗ್‌ನಲ್ಲಿ ಗೋಯಿಂಗ್ ಕನ್ಸರ್ನ್ ಅಂತ ಓದಿದೀವಿ. ಮಾಲೀಕರು, ನೌಕರರು ಬದಲಾದರೂ ಸಂಸ್ಥೆ ಮುಂದುವರಿಯುತ್ತೆ ಅಂತ ನಂಬಿ ಲೆಕ್ಕ ಬರೆಯೋದು. ಕಾಲೇಜು ತಂಡಕ್ಕಿಂತ ಒಳ್ಳೇ ಉದಾಹರಣೆ ಇದಕ್ಕೆ ಬೇಕಾ? ಮೂರ್ನಾಲ್ಕು ವರ್ಷಕ್ಕೆ ಎಲ್ಲಾ ಮುಖಗಳೂ ಹೊಸವು. ಉಳಿಯೋದು ಲೆಕ್ಕ ಮಾತ್ರ. ಲೆಕ್ಕಾನೂ ಬರೀದಿದ್ರೆ ಏನೂ ಉಳಿಯಲ್ಲ.

ಭಾಗ 5/7

ಈ ಫೋಟೋದಲ್ಲಿ ಇರೋದು ನಮ್ಮ ಖೋಖೋ ಅಂಗಳ. ಮಳೆಗೆ ಗೆರೆ ಅಳಿಸಿ ಹೋಗಿದೆ.

ನಾನು ಮೊದಲ ವರ್ಷ ಸೇರಿದಾಗ ನಾವು ಸೋತಿದ್ದು ಒಂದು ಇನಿಂಗ್ಸ್ ಮತ್ತು 8 ಅಂಕಗಳಿಂದ. ಸರಿಯಾಗಿ ಖೋ ಕೊಡೋಕೂ ಬರ್ತಿರಲಿಲ್ಲ. ಆಮೇಲೆ ಒಂದು ವರ್ಷ ಬೆಳಿಗ್ಗೆ ಆರಕ್ಕೆ ಎದ್ದು, ಜೋಯಿಡಾ ಮಳೆಯಲ್ಲಿ ಕೆಸರಲ್ಲಿ ಜಾರಿ ಬಿದ್ದು ಕಲಿತ್ವಿ. ಎರಡನೇ ವರ್ಷ ಸೋತಿದ್ದು 2 ಅಂಕದಿಂದ. ನಮ್ಮನ್ನ ಸೋಲಿಸಿದ ತಂಡ ಸೆಮಿಫೈನಲ್‌ಗೆ ಹೋಯ್ತು.

ಕ್ರೀಡಾ ರಿಜಿಸ್ಟರ್ ತೆಗೆದು ನೋಡಿದೆ. ಮೊದಲ ವರ್ಷದ ಎದುರು "ಮೊದಲ ಸುತ್ತಿನಲ್ಲಿ ಸೋಲು." ಎರಡನೇ ವರ್ಷದ ಎದುರು "ಮೊದಲ ಸುತ್ತಿನಲ್ಲಿ ಸೋಲು." ಒಂದೇ ಸಾಲು, ಒಂದೇ ಕೈಬರಹ. ಎಂಟಕ್ಕೂ ಎರಡಕ್ಕೂ ವ್ಯತ್ಯಾಸವೇ ಇಲ್ಲ.

ಸರ್ ಹತ್ರ ಹೋದ್ವಿ. ಕೆಟ್ಟವರಲ್ಲ ಅವರು. "ನೋಡವಾ, ಪ್ರತಿ ವರ್ಷ ಒಂದ ಮ್ಯಾಚ್ ಆಡಿ ವಾಪಸ್ ಬರ್ತೀರಿ. ಬಸ್ ಖರ್ಚು, ಊಟದ ಖರ್ಚು ಹ್ಯಾಂಗ ತೋರಿಸ್ಲಿ ನಾನು?" ಅಂದ್ರು. ಅವರ ಕಷ್ಟ ನನಗೆ ಅರ್ಥ ಆಗುತ್ತೆ. ಖರ್ಚು ಕಾಣುವ ಕಾಲಮ್ ಇದೆ, ಪ್ರಗತಿ ಕಾಣುವ ಕಾಲಮ್ ಇಲ್ಲ. ಅಂಥ ಪುಸ್ತಕದಲ್ಲಿ ಯಾವ ತಂಡ ಬರೆದರೂ ನಷ್ಟವೇ ಬರೋದು.

ಇದು ನಮ್ಮ ಒಂದು ಕಾಲೇಜಿನ ಕಥೆ ಮಾತ್ರ ಅಲ್ಲ. 1980ರ ದಶಕದ ಕೊನೆಗೆ ಸ್ಪೋರ್ಟ್ಸ್ ಅಥಾರಿಟಿ ಆಫ್ ಇಂಡಿಯಾ ನಮ್ಮ ಜಿಲ್ಲೆಯ ಸಿದ್ದಿ ಮಕ್ಕಳನ್ನ ಆರಿಸಿ ಅಥ್ಲೆಟಿಕ್ಸ್ ತರಬೇತಿ ಕೊಟ್ಟಿತ್ತು. 1990ರ ದಶಕದ ಆರಂಭದಲ್ಲಿ ಅದನ್ನ ಅರ್ಧಕ್ಕೆ ನಿಲ್ಲಿಸಿದರು. ಓಡೋಕೆ ಕಲಿತವರು ಊರಿಗೆ ವಾಪಸ್ ಬಂದರು. ಬಹಳ ವರ್ಷದ ಮೇಲೆ ಮತ್ತೆ ಶುರು ಮಾಡಿದಾಗ ಮತ್ತೆ ಸೊನ್ನೆಯಿಂದ. ನಮ್ಮ ಕಡೆ ಕಾಲಲ್ಲಿ ಬಲ ಕಡಿಮೆ ಇಲ್ಲ. ನಿನ್ನೆಯದನ್ನ ನಾಳೆಗೆ ದಾಟಿಸೋ ಅಭ್ಯಾಸ ಕಡಿಮೆ.

ಭಾಗ 6/7

"ಹಂಗಾದ್ರೆ ಕಾಳಿ ನದಿಗೇ ದೋಣಿ ಇಳಿಸೋಣ ಬಾ" ಅಂತ ಗೆಳತಿ ಕೇಳಿದಳು. ಕಾಳಿ ಹುಟ್ಟೋದೇ ನಮ್ಮ ಜೋಯಿಡಾ ತಾಲೂಕಿನಲ್ಲಿ, ಕಾರವಾರದಲ್ಲಿ ಸಮುದ್ರ ಸೇರುತ್ತೆ. ಆದ್ರೆ ದಾಂಡೇಲಿ ಹತ್ರ ಮೊಸಳೆಗಳಿವೆ, ಅಣೆಕಟ್ಟಿಂದ ನೀರು ಬಿಟ್ರೆ ಹೊಳೆ ಏರುತ್ತೆ. ರೀಲ್ಸ್ ನೋಡಿ ಯಾರೂ ಇಳೀಬೇಡಿ, ಪ್ಲೀಸ್.

ನೀರು ಇದ್ದ ಮಾತ್ರಕ್ಕೆ ಆಟ ಬೆಳೆಯಲ್ಲ, ಇಲ್ಲದ ಮಾತ್ರಕ್ಕೆ ನಿಲ್ಲೋದೂ ಇಲ್ಲ. ದತ್ತು ಭೋಕನಾಳ್ ಹುಟ್ಟಿದ್ದು ನಾಸಿಕ್ ಜಿಲ್ಲೆಯ ಬರದ ಊರಲ್ಲಿ. ಸೇನೆ ಸೇರಿದ ಮೇಲೆ ಹುಟ್ಟು ಹಿಡಿದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಸಿಂಗಲ್ ಸ್ಕಲ್ಸ್‌ನಲ್ಲಿ 13ನೇ ಸ್ಥಾನ, 2018ರ ಏಷ್ಯನ್ ಗೇಮ್ಸ್‌ನಲ್ಲಿ ತಂಡದ ಜೊತೆ ಚಿನ್ನ. ನಮ್ಮೂರು ದಾಟಿ ಹೋಗೋ ಗೋವಾ ಎಕ್ಸ್‌ಪ್ರೆಸ್ ಪುಣೆಗೂ ಹೋಗುತ್ತೆ. ಅಲ್ಲಿನ ಹಳೇ ಎಂಜಿನಿಯರಿಂಗ್ ಕಾಲೇಜು ಸಿಒಇಪಿಯ ಬೋಟ್ ಕ್ಲಬ್‌ನ್ನ ತಲೆಮಾರುಗಳಿಂದ ನಡೆಸ್ತಿರೋರು ವಿದ್ಯಾರ್ಥಿಗಳು. ಬ್ಯಾಚ್ ಹೋಗುತ್ತೆ, ಕ್ಲಬ್ ಉಳಿಯುತ್ತೆ.

ಬಂಪ್ಸ್ ಪೂರ್ತಿ ನ್ಯಾಯವಾದ ಆಟ ಅಂತ ನಾನು ಹೇಳಲ್ಲ. ಸೀನಿಯರ್‌ಗಳು ಹಾಳು ಮಾಡಿಟ್ಟ ಜಾಗದಿಂದ ಒಳ್ಳೇ ತಂಡ ಮೇಲೆ ಬರೋಕೆ ವರ್ಷಗಳು ಬೇಕು. ಎಷ್ಟೇ ಜೋರಿದ್ರೂ ಸಾಮಾನ್ಯವಾಗಿ ದಿನಕ್ಕೆ ಒಂದು ಮೆಟ್ಟಿಲು. ಮೇಲಿರೋ ಹಳೇ ಕಾಲೇಜುಗಳಿಗೆ ಅದು ಅನುಕೂಲ. ಒಪ್ತೀನಿ. ಆದ್ರೆ ಸಾಲ ಉಳಿಸಿ ಹೋದವರ ಲೆಕ್ಕ ಕೂಡ ಪುಸ್ತಕದಲ್ಲಿ ಇರುತ್ತಲ್ಲ. ನಾಕೌಟ್‌ನಲ್ಲಿ ಗಳಿಸಿದ್ದೂ ಇಲ್ಲ, ಕಳೆದದ್ದೂ ಇಲ್ಲ. ಪ್ರತಿ ವರ್ಷ ಚೀಟಿ ಎತ್ತಿ ಹಣೆಬರಹ ನೋಡೋದು.

ಭಾಗ 7/7

ಬರೀ ದೂರು ಹೇಳಿದ್ರೆ ಆಗಲ್ಲ, ಲೆಕ್ಕ ಕೊಡ್ತೀನಿ.

16 ತಂಡಗಳ ನಾಕೌಟ್‌ನಲ್ಲಿ 15 ಪಂದ್ಯ. ಎಂಟು ತಂಡ ಒಂದೇ ಪಂದ್ಯ ಆಡಿ ಮನೆಗೆ. ಅದೇ 16 ತಂಡಗಳನ್ನ ಹೋದ ವರ್ಷದ ಕ್ರಮದಲ್ಲಿ ನಿಲ್ಲಿಸಿ. ಮೊದಲ ದಿನ 2ನೇದು 1ನೇದರ ಮೇಲೆ, 4ನೇದು 3ನೇದರ ಮೇಲೆ, ಹೀಗೆ 8 ಪಂದ್ಯ. ಕೆಳಗಿನವರು ಗೆದ್ರೆ ಜಾಗ ಬದಲು. ಎರಡನೇ ದಿನ 3ನೇದು 2ನೇದರ ಮೇಲೆ, 5ನೇದು 4ನೇದರ ಮೇಲೆ, 7 ಪಂದ್ಯ. ನಾಲ್ಕು ದಿನಕ್ಕೆ ಒಟ್ಟು 30. ಹೆಚ್ಚಿನ ತಂಡಗಳಿಗೆ ಮೂರ್ನಾಲ್ಕು ಪಂದ್ಯ, ಯಾರಿಗೂ ಎರಡಕ್ಕಿಂತ ಕಡಿಮೆ ಇಲ್ಲ. ಖರ್ಚು ಹೆಚ್ಚಾಗುತ್ತೆ, ನಿಜ. ಆದ್ರೆ ಒಂದು ಪಂದ್ಯಕ್ಕೆ ಎಷ್ಟು ಬಿತ್ತು ಅಂತ ಭಾಗಿಸಿ ನೋಡಿ. ಕಾಸ್ಟ್ ಅಕೌಂಟಿಂಗ್ ನಮಗೆ ಕಲಿಸಿದ್ದೇ ಅದು.

ಅದು ದೊಡ್ಡವರ ಕೈಯಲ್ಲಿ ಇರೋದು. ನಮ್ಮ ಕೈಯಲ್ಲಿ ಇರೋದನ್ನ ಶುರು ಮಾಡೋಣ. ಬಿ.ಎ., ಬಿ.ಕಾಂ., ಬಿ.ಎಸ್ಸಿ., ತಲಾ ಎರಡು ತಂಡ. ವರ್ಷದ ಪ್ರಕಾರ ಅಲ್ಲ, ಕೋರ್ಸ್ ಪ್ರಕಾರ, ಯಾಕಂದ್ರೆ ನಾವು ಹೋದ ಮೇಲೂ ತಂಡ ಇರಬೇಕು. ಆರು ತಂಡ, ನಾಲ್ಕು ಶನಿವಾರ, 10 ಪಂದ್ಯ. ಬೇಕಾಗಿರೋದು ಗೆರೆ ಹಾಕೋಕೆ ಸುಣ್ಣದ ಪುಡಿ ಮತ್ತು ಒಂದು ನೋಟ್‌ಬುಕ್.

ಈ ವರ್ಷ ಸೇರಿದ ಒಬ್ಬ ಹುಡುಗಿ ಇದಾಳೆ. ಕಂಬದ ಹತ್ರ ಅವಳು ತಿರುಗೋ ರೀತಿ ನೋಡಿದ್ರೆ ನಾವೆಲ್ಲ ಎರಡು ವರ್ಷ ಏನು ಮಾಡಿದ್ವಿ ಅನಿಸುತ್ತೆ. ಮೊನ್ನೆ ಕೇಳಿದಳು, "ಅಕ್ಕಾ, ನಾವು ಎಲ್ಲೂ ಹೋಗಲ್ವಾ?" ನನ್ನ ಹತ್ರ ಉತ್ತರ ಇರಲಿಲ್ಲ.

ನೋಟ್‌ಬುಕ್ ನಿನ್ನೆ ತಗೊಂಡೆ. ಮೊದಲ ಪುಟದಲ್ಲಿ ಎರಡು ಸಾಲು ಬರೆದಿದೀನಿ. ಮೊದಲ ವರ್ಷ: ಒಂದು ಇನಿಂಗ್ಸ್ ಮತ್ತು 8 ಅಂಕ. ಎರಡನೇ ವರ್ಷ: 2 ಅಂಕ. ಕೆಳಗೆ ಗೆರೆ ಎಳೆದು ಬ್ಯಾಲೆನ್ಸ್ ಕ್ಯಾರೀಡ್ ಡೌನ್. ಮೂರನೇ ಸಾಲು ಖಾಲಿ ಇದೆ. ಮೊದಲ ಶನಿವಾರ ಯಾರ್ಯಾರು ಬರ್ತೀರಿ, ಹೆಸರು ಕೊಡಿ. ಸೋಮವಾರ ಇದೇ ನೋಟ್‌ಬುಕ್ ಹಿಡ್ಕೊಂಡು ಮತ್ತೆ ಸರ್ ಹತ್ರ ಹೋಗ್ತೀನಿ.

#ಕ್ಯಾಸಲ್‌ರಾಕ್ #ಜೋಯಿಡಾ #ಖೋಖೋ #ಬಂಪ್ಸ್ #ಬಿಕಾಂಮಂದಿ #ಮುಂದಿನದೋಣಿ