ಗೆದ್ದಲು ನಿರೋಧಕ ಮರ: ಎರಡನೆಯ ಪರೀಕ್ಷೆಯೇ ಕಠಿಣ

ಬೆಂಗಳೂರು: ಮನೆ ಕಟ್ಟಿಸುವವರು ಬಾಗಿಲು, ಕಿಟಕಿಗಳಿಗೆ ಮರ ಕೊಳ್ಳಲು ಹೋದರೆ ‘ಟ್ರೀಟ್‌ಮೆಂಟ್ ಆಗಿದೆ, ಗೆದ್ದಲು ಹಿಡಿಯುವುದಿಲ್ಲ’ ಎಂಬ ಭರವಸೆ ಸುಲಭವಾಗಿ ದೊರೆಯುತ್ತದೆ. ಆದರೆ ಆ ಮಾತು ನಿಜವೆಂದು ಸಾಬೀತುಪಡಿಸಲು ವರ್ಷಗಳೇ ಬೇಕು.

ಪರೀಕ್ಷೆಯ ಕ್ರಮ ಸರಳವಾಗಿದೆ. ರಾಸಾಯನಿಕ ಉಣಿಸಿದ ಮರದ ಗೂಟಗಳನ್ನು, ಏನನ್ನೂ ಉಣಿಸದ ಗೂಟಗಳ ಜೊತೆಯಲ್ಲಿ, ಗೆದ್ದಲು ಹೆಚ್ಚಿರುವ ನೆಲದಲ್ಲಿ ಅರ್ಧದವರೆಗೆ ಹೂಳಲಾಗುತ್ತದೆ. ಸಾಲಾಗಿ ನಿಂತ ಗೂಟಗಳು ಗೋರಿಕಲ್ಲುಗಳಂತೆ ಕಾಣುವುದರಿಂದ ಇದಕ್ಕೆ ‘ಸ್ಮಶಾನ ಪರೀಕ್ಷೆ’ ಎಂದೇ ಹೆಸರು. ನಿಗದಿತ ಅವಧಿಗೊಮ್ಮೆ ಗೂಟಗಳನ್ನು ಕಿತ್ತು ನೋಡಿ ಹಾನಿಯನ್ನು ಅಳೆಯಲಾಗುತ್ತದೆ. ರಾಸಾಯನಿಕವಿಲ್ಲದ ಗೂಟವನ್ನು ಗೆದ್ದಲು ತಿಂದಿದ್ದರೆ ಮಾತ್ರ ಉಳಿದ ಗೂಟಗಳ ಗೆಲುವಿಗೆ ಬೆಲೆ. ಅದೂ ಸುರಕ್ಷಿತವಾಗಿದ್ದರೆ ಆ ಜಾಗದಲ್ಲಿ ಗೆದ್ದಲೇ ಇರಲಿಲ್ಲ ಎಂದಷ್ಟೇ ಅರ್ಥ.

ಮರದ ಸಹಜ ಬಾಳಿಕೆಯನ್ನೂ ಹೀಗೆಯೇ ನಿರ್ಧರಿಸಲಾಗುತ್ತದೆ. ಭಾರತೀಯ ಮಾನಕದ ಪ್ರಕಾರ 120 ತಿಂಗಳು ಅಥವಾ ಅದಕ್ಕೂ ಹೆಚ್ಚು ಬಾಳುವ ಮರ ಮೊದಲ ದರ್ಜೆಯದು. 60 ತಿಂಗಳೂ ಬಾಳದ್ದು ಮೂರನೆಯ ದರ್ಜೆಯದು. ತೇಗ ಮೊದಲ ದರ್ಜೆಗೆ ಸೇರುತ್ತದೆ, ಮಾವು ಕೊನೆಯದಕ್ಕೆ. ಆದರೆ ಈ ಗೌರವ ಚೇಗು ಎನ್ನಲಾಗುವ ಒಳಗಿನ ಗಟ್ಟಿ ಭಾಗಕ್ಕೆ ಮಾತ್ರ ಸಲ್ಲುತ್ತದೆ. ತೇಗದ ಹೊರಗಿನ ಬಿಳಿ ಭಾಗವನ್ನು ಗೆದ್ದಲು ಬಿಡುವುದಿಲ್ಲ. ಒಳ್ಳೆಯ ಮರ ದುಬಾರಿಯಾಗಿ, ಕಡಿಮೆ ಬಾಳಿಕೆಯ ತೋಟದ ಮರಗಳು ಮಾರುಕಟ್ಟೆಗೆ ಬಂದಂತೆ ರಾಸಾಯನಿಕದ ಅವಲಂಬನೆ ಹೆಚ್ಚುವುದು ಸಹಜ.

ಇಲ್ಲಿ ಉಣಿಸುವ ವಿಧಾನವೇ ನಿರ್ಣಾಯಕ. ಬ್ರಷ್‌ನಿಂದ ಬಳಿದ ದ್ರಾವಣ ಮೇಲ್ಮೈಯಲ್ಲೇ ನಿಲ್ಲುತ್ತದೆ. ಬಡಗಿ ಒಮ್ಮೆ ಕತ್ತರಿಸಿದರೆ ರಕ್ಷಣೆಯಿಲ್ಲದ ಮರ ಹೊರಬೀಳುತ್ತದೆ. ಮುಚ್ಚಿದ ತೊಟ್ಟಿಯಲ್ಲಿ ಗಾಳಿ ತೆಗೆದು, ಒತ್ತಡದಿಂದ ದ್ರಾವಣ ತುಂಬಿದರೆ ಅದು ಆಳಕ್ಕೆ ಇಳಿಯುತ್ತದೆ. ರಬ್ಬರ್ ಮರಕ್ಕೆ ಬಳಸುವ ಬೋರಾನ್ ಲವಣಗಳು ಮನೆಯೊಳಗಿನ ಪೀಠೋಪಕರಣಗಳಿಗೆ ಸೂಕ್ತ; ಮಳೆಗೆ ಒಡ್ಡಿದರೆ ಕ್ರಮೇಣ ತೊಳೆದುಹೋಗುತ್ತವೆ.

ಈ ಸಮಸ್ಯೆಗೆ ಭಾರತವೇ ಜಗತ್ತಿಗೆ ಉತ್ತರ ನೀಡಿತ್ತು. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಹಾಗೂ ಆರ್ಸೆನಿಕ್ ಮಿಶ್ರಣವನ್ನು ರೂಪಿಸಿದರು. ತಾಮ್ರ ಶಿಲೀಂಧ್ರವನ್ನು, ಆರ್ಸೆನಿಕ್ ಕೀಟವನ್ನು ತಡೆದರೆ, ಕ್ರೋಮಿಯಂ ಎರಡನ್ನೂ ಮರಕ್ಕೆ ಬಿಗಿಯಾಗಿ ಅಂಟಿಸುತ್ತದೆ. ದಶಕಗಳ ಕಾಲ ಅನೇಕ ದೇಶಗಳು ಇದನ್ನೇ ನೆಚ್ಚಿದವು.

ಗೆದ್ದಲಿನ ಪರೀಕ್ಷೆಯಲ್ಲಿ ಗೆದ್ದ ಈ ಮಿಶ್ರಣ ಎಡವಿದ್ದು ಎರಡನೆಯ ಪರೀಕ್ಷೆಯಲ್ಲಿ. ಆರ್ಸೆನಿಕ್ ಮನುಷ್ಯನಿಗೂ ವಿಷ. ಇಂತಹ ಮರವನ್ನು ಸುಟ್ಟರೆ ಹೊಗೆ, ಬೂದಿಗಳಲ್ಲಿ ಅದು ಹೊರಬರುತ್ತದೆ. ಅಮೆರಿಕದ ತಯಾರಕರು 2003ರ ಅಂತ್ಯಕ್ಕೆ ಬಹುಪಾಲು ಗೃಹ ಬಳಕೆಗೆ ಇದನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದ, ತಾಮ್ರ ಹೆಚ್ಚಿರುವ ದ್ರಾವಣಗಳಲ್ಲಿ ಆರ್ಸೆನಿಕ್ ಇಲ್ಲ. ಆದರೆ ಅವು ಸಾಮಾನ್ಯ ಮೊಳೆಗಳಿಗೆ ಬೇಗ ತುಕ್ಕು ಹಿಡಿಸುತ್ತವೆ. ಕಟ್ಟಡಗಳ ಬುಡದ ಮಣ್ಣಿಗೆ ಗೆದ್ದಲು ನಿವಾರಣೆಗೆಂದು ಸುರಿಯುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳನ್ನೂ ಭಾರತ 1996ರಲ್ಲಿ ನಿಷೇಧಿಸಿತು. ಬಹುಕಾಲ ಉಳಿಯುವುದೇ ಅವುಗಳ ಗುಣವಾಗಿತ್ತು. ಅದೇ ದೋಷವೂ ಆಯಿತು.

ಆದ್ದರಿಂದ ಗೆದ್ದಲು ಸತ್ತಿತೇ ಎಂಬುದಷ್ಟೇ ಪ್ರಶ್ನೆಯಲ್ಲ. ಯಾವ ರಾಸಾಯನಿಕ, ಯಾವ ವಿಧಾನ, ಎಷ್ಟು ಆಳಕ್ಕೆ ಇಳಿದಿದೆ, ಒಳಾಂಗಣಕ್ಕೋ ಹೊರಾಂಗಣಕ್ಕೋ ಎಂಬ ವಿವರವನ್ನು ಗ್ರಾಹಕ ಬರಹದಲ್ಲಿ ಕೇಳಬೇಕು. ಮರ ಕೊಯ್ಯುವಾಗ ದೂಳು ಕುಡಿಯುವ ಬಡಗಿಗೂ, ಉಳಿದ ತುಂಡುಗಳನ್ನು ಒಲೆಗೆ ಒಯ್ಯುವ ಕೂಲಿಕಾರರ ಕುಟುಂಬಕ್ಕೂ ಆ ಮಾಹಿತಿ ತಲುಪಬೇಕು. ಅಪಾಯ ಮೊದಲು ತಟ್ಟುವುದು ಮನೆಯೊಡೆಯನಿಗಲ್ಲ, ಅವರಿಗೆ.