ಸಲ್ವಾ ಗಡಿ ಕಲಿಸಿದ ಪಾಠ

ಹಿಜರಿ 1438ರ ರಮಝಾನ್ 10. ಅಂದು 2017ರ ಜೂನ್ 5. ಉಪವಾಸದ ಆ ದಿನ ಸೌದಿ ಅರೇಬಿಯಾ, ಯುಎಇ, ಬಹ್ರೈನ್ ಮತ್ತು ಈಜಿಪ್ಟ್ ದೇಶಗಳು ಖತರ್‌ನೊಂದಿಗಿನ ಸಂಬಂಧವನ್ನು ಕಡಿದುಕೊಂಡವು. ಖತರ್‌ಗಿರುವ ಏಕೈಕ ಭೂಗಡಿಯಾದ ಸಲ್ವಾ ಮುಚ್ಚಲ್ಪಟ್ಟಿತು. ಆಕಾಶ ಮಾರ್ಗವೂ ಸಮುದ್ರ ಮಾರ್ಗವೂ ಮುಚ್ಚಿದವು. ಸೌದಿ, ಯುಎಇ ಮತ್ತು ಬಹ್ರೈನ್‌ಗಳು ತಮ್ಮ ನೆಲದಲ್ಲಿದ್ದ ಖತರ್ ಪ್ರಜೆಗಳಿಗೆ ಹೊರಟುಹೋಗಲು ನೀಡಿದ ಅವಧಿ ಕೇವಲ 14 ದಿನಗಳು.

ಆ ಮರುಭೂಮಿಯ ಬುಡಕಟ್ಟುಗಳಿಗೆ ಗಡಿರೇಖೆಗಳು ಇತ್ತೀಚಿನವು, ರಕ್ತಸಂಬಂಧ ಹಳೆಯದು. ಪತ್ನಿ ಒಂದು ದೇಶದವಳು, ಪತಿ ಇನ್ನೊಂದು ದೇಶದವನು ಎಂಬುದು ಅಲ್ಲಿ ಸರ್ವೇಸಾಮಾನ್ಯ. ಅಂತಹ ಕುಟುಂಬಗಳು ಹಬ್ಬಕ್ಕೆ ಮುನ್ನವೇ ಇಬ್ಭಾಗವಾದವು. ವಿದ್ಯಾರ್ಥಿಗಳು ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಮರಳಿದರು. ಸೌದಿಯ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಖತರ್‌ನವರ ಸಾವಿರಾರು ಒಂಟೆಗಳನ್ನು ಕೂಡ ಗಡಿ ದಾಟಿಸಲಾಯಿತು.

ಅದರ ಬಿಸಿ ನಮ್ಮ ಮನೆಗಳಿಗೂ ತಟ್ಟಿತ್ತು. ಭಟ್ಕಳದಿಂದ ಮಂಗಳೂರಿನವರೆಗೆ, ಒಬ್ಬ ಮಗ ದುಬೈಯಲ್ಲಿ, ಇನ್ನೊಬ್ಬ ದೋಹಾದಲ್ಲಿ ದುಡಿಯುತ್ತಿರುವ ಮನೆಗಳು ಎಷ್ಟಿಲ್ಲ? ಒಂದು ಗಂಟೆಯ ವಿಮಾನ ಪ್ರಯಾಣಕ್ಕೆ ಮಸ್ಕತ್ತನ್ನೋ ಕುವೈತನ್ನೋ ಸುತ್ತಿ ಹೋಗಬೇಕಾದ ಸ್ಥಿತಿ ಬಂದಿತ್ತು.

ಈ ದೇಶಗಳು ಪರಸ್ಪರ ಅಪರಿಚಿತವಾಗಿರಲಿಲ್ಲ. 1981ರ ಮೇ 25ರಂದು ಅಬುಧಾಬಿಯಲ್ಲಿ ಸೌದಿ, ಕುವೈತ್, ಯುಎಇ, ಖತರ್, ಬಹ್ರೈನ್ ಮತ್ತು ಒಮಾನ್ ಸೇರಿ ಕೊಲ್ಲಿ ಸಹಕಾರ ಮಂಡಳಿಯನ್ನು ಕಟ್ಟಿದ್ದವು. 2003ರಲ್ಲಿ ಸುಂಕ ಒಕ್ಕೂಟ, 2008ರಲ್ಲಿ ಸಾಮಾನ್ಯ ಮಾರುಕಟ್ಟೆ ಜಾರಿಗೆ ಬಂದವು. ಒಂದೇ ಧರ್ಮ, ಒಂದೇ ಭಾಷೆ, ಒಂದೇ ಬಗೆಯ ಆಡಳಿತ, ಒಂದೇ ಬಗೆಯ ಸಂಪತ್ತು. ನೆರೆರಾಷ್ಟ್ರಗಳು ಒಗ್ಗೂಡಲು ಇದಕ್ಕಿಂತ ಹೆಚ್ಚಿನದೇನು ಬೇಕು? ಆದರೂ ಅದು ಒಂದೇ ದಿನದಲ್ಲಿ ಬಿರುಕು ಬಿಟ್ಟಿತು. ಏಕೆ?

ಖತರ್ ಭಯೋತ್ಪಾದನೆಯನ್ನು ಪೋಷಿಸುತ್ತಿದೆ, ನೆರೆಯವರ ಆಂತರಿಕ ವಿಷಯಗಳಲ್ಲಿ ತಲೆಹಾಕುತ್ತಿದೆ ಎಂಬುದು ನಾಲ್ಕು ದೇಶಗಳ ಆರೋಪವಾಗಿತ್ತು. ಖತರ್ ಅದನ್ನು ನಿರಾಕರಿಸಿತು. ಅಲ್ ಜಝೀರಾ ವಾಹಿನಿಯನ್ನು ಮುಚ್ಚಬೇಕು, ಟರ್ಕಿಯ ಸೇನಾ ನೆಲೆಯನ್ನು ತೆರವುಗೊಳಿಸಬೇಕು ಎಂಬುದೂ ಸೇರಿ 13 ಬೇಡಿಕೆಗಳ ಪಟ್ಟಿ ಬಂತು. ಅವುಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ದೂರಿದ್ದವರು ಅದನ್ನು ಯಾರ ಮುಂದೆ ಇಟ್ಟರು ಎಂಬುದಷ್ಟೇ ನಮ್ಮ ಪ್ರಶ್ನೆ. ಮಂಡಳಿಯ ಸನ್ನದಿನ 10ನೇ ವಿಧಿಯಲ್ಲಿ ವಿವಾದ ಇತ್ಯರ್ಥಕ್ಕಾಗಿ ಒಂದು ಆಯೋಗದ ಪ್ರಸ್ತಾಪವಿದೆ. ಆದರೆ ಅದು ಸದಾ ಇರುವ ಪೀಠವಲ್ಲ. ವಿವಾದ ಬಂದಾಗ ಆಳುವವರೇ ಕೂಡಿ ರಚಿಸಬೇಕಾದದ್ದು. ಆಳುವವರೇ ಮುನಿಸಿಕೊಂಡಾಗ ರಚಿಸುವವರು ಯಾರು? ಕೊನೆಗೆ ಖತರ್ 2018ರಲ್ಲಿ ಯುಎಇ ವಿರುದ್ಧ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಬಾಗಿಲು ತಟ್ಟಿತು. ಬೇರೆಯಾದ ಕುಟುಂಬಗಳನ್ನು ಒಂದುಗೂಡಿಸಿ, ವಿದ್ಯಾರ್ಥಿಗಳಿಗೆ ಓದು ಮುಗಿಸಲು ಅವಕಾಶ ಕೊಡಿ ಎಂಬ ಮಧ್ಯಂತರ ಆದೇಶ ಆ ವರ್ಷದ ಜುಲೈಯಲ್ಲಿ ಬಂತು. ಮುಂದೆ 2021ರಲ್ಲಿ, ಈ ಪ್ರಕರಣ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಅದೇ ನ್ಯಾಯಾಲಯ ಹೇಳಿತು. ಸತ್ಯವಿಶ್ವಾಸಿಗಳ ಮನೆಜಗಳ ಮನೆಯೊಳಗೆ ಬಗೆಹರಿಯದೆ ಯುರೋಪಿನ ನಗರವೊಂದರ ನ್ಯಾಯಪೀಠವನ್ನು ಹುಡುಕಿಕೊಂಡು ಹೋದದ್ದು ನಾವು ನಾಚಬೇಕಾದ ಸಂಗತಿ.

ಅದೇ ಯುರೋಪನ್ನು ನೋಡೋಣ. ಎರಡು ಮಹಾಯುದ್ಧಗಳಲ್ಲಿ ಪರಸ್ಪರ ರಕ್ತ ಹರಿಸಿದ್ದ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ, ಇನ್ನೂ ನಾಲ್ಕು ದೇಶಗಳೊಡನೆ 1951ರಲ್ಲಿ ಒಪ್ಪಂದಕ್ಕೆ ಬಂದವು. ಆಯುಧಗಳ ಮೂಲವಾದ ಕಲ್ಲಿದ್ದಲು ಮತ್ತು ಉಕ್ಕನ್ನು ಎಲ್ಲರಿಗೂ ಸೇರಿದ ಪ್ರಾಧಿಕಾರದ ಕೈಗೊಪ್ಪಿಸಿದವು. ಆರಂಭದಲ್ಲಿಯೇ ಒಂದು ನ್ಯಾಯಾಲಯವನ್ನೂ ಸ್ಥಾಪಿಸಿಕೊಂಡವು. ಅವರ ಭಾಷೆಗಳು ಬೇರೆ, ನೆನಪುಗಳು ಕಹಿ. ಆದರೂ 2020ರ ಜನವರಿಯಲ್ಲಿ ಬ್ರಿಟನ್ ಆ ಒಕ್ಕೂಟದಿಂದ ಹೊರಬಂದಾಗ, ಅದಕ್ಕೆ ಮುನ್ನ ವರ್ಷಗಟ್ಟಲೆ ಮಾತುಕತೆ ನಡೆದಿತ್ತು. ಅಲ್ಲಿಯೂ ಇಲ್ಲಿಯೂ ನೆಲೆಸಿದ್ದ ಸಾಮಾನ್ಯರ ವಾಸದ ಹಕ್ಕನ್ನು ಲಿಖಿತ ಒಪ್ಪಂದವೊಂದು ಕಾಯ್ದಿತ್ತು. ಯುರೋಪ್ ನಮಗೆ ಆದರ್ಶವೆಂದು ನಾವು ಹೇಳುತ್ತಿಲ್ಲ. ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗಿದ ನಿರಾಶ್ರಿತರನ್ನು ನಾವು ಮರೆತಿಲ್ಲ. ಆದರೆ ತಮ್ಮ ದ್ವೇಷವನ್ನು ಅರಿತಿದ್ದವರು ನಿಯಮ ಕಟ್ಟಿಕೊಂಡರು, ತಮ್ಮ ಪ್ರೀತಿಯನ್ನು ನಂಬಿದ್ದವರು ನಿಯಮವೇ ಬೇಡವೆಂದುಕೊಂಡರು ಎಂಬುದು ಸತ್ಯ.

ಇಸ್ಲಾಮ್ ನಮಗೆ ಕಲಿಸಿದ್ದು ಇದಲ್ಲ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ವಿಶ್ವಾಸಿಗಳು ಸಹೋದರರೆಂದು 10ನೇ ವಚನದಲ್ಲಿ ಸಾರುತ್ತದೆ. ಆದರೆ ಅದಕ್ಕೆ ಮೊದಲೇ, 9ನೇ ವಚನದಲ್ಲಿ, ವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ಏನು ಮಾಡಬೇಕೆಂಬುದನ್ನು ವಿವರಿಸಿಬಿಡುತ್ತದೆ. ಸಂಧಾನ ಮಾಡಿಸಬೇಕು, ಅತಿಕ್ರಮಿಸಿದವರನ್ನು ತಡೆಯಬೇಕು, ಅವರು ಮರಳಿದರೆ ನ್ಯಾಯದೊಂದಿಗೆ ಸಂಧಾನ ಮಾಡಿಸಬೇಕು. ಸಹೋದರರು ಜಗಳವಾಡುವುದಿಲ್ಲವೆಂದು ಅಲ್ಲಾಹನು ಹೇಳಿಲ್ಲ. ಜಗಳವಾಡಿದರೆ ನಡೆಯಬೇಕಾದ ದಾರಿಯನ್ನು ತೋರಿಸಿದ್ದಾನೆ.

ಪ್ರವಾದಿವರ್ಯರ(ಸ) ಜೀವನವೂ ಇದಕ್ಕೆ ಸಾಕ್ಷಿ. ಅವರು ಮದೀನಾಕ್ಕೆ ಬಂದಾಗ ಔಸ್ ಮತ್ತು ಖಝ್ರಜ್ ಗೋತ್ರಗಳ ನಡುವಿನ ಬುಆಸ್ ಯುದ್ಧದ ಗಾಯಗಳು ಇನ್ನೂ ಹಸಿಯಾಗಿದ್ದವು. ಅವರು ಮುಹಾಜಿರರು ಮತ್ತು ಅನ್ಸಾರರ ನಡುವೆ ಸಹೋದರತ್ವವನ್ನು ಬೆಸೆದರು. ಅಷ್ಟಕ್ಕೇ ನಿಲ್ಲದೆ, ಯಹೂದಿಯರನ್ನೂ ಒಳಗೊಂಡ ಒಂದು ಲಿಖಿತ ಒಡಂಬಡಿಕೆಯನ್ನು ಮಾಡಿಸಿದರು. ಭಿನ್ನಾಭಿಪ್ರಾಯ ಬಂದರೆ ಯಾರ ಬಳಿಗೆ ಒಯ್ಯಬೇಕೆಂಬುದು ಅದರಲ್ಲಿಯೇ ಸ್ಪಷ್ಟವಾಗಿತ್ತು. ಪ್ರವಾದಿತ್ವಕ್ಕೆ ಮುನ್ನ, ಪರವೂರಿನ ವ್ಯಾಪಾರಿಯೊಬ್ಬನಿಗೆ ಮಕ್ಕಾದ ಪ್ರಬಲನೊಬ್ಬ ಮಾಡಿದ ಮೋಸದಿಂದಾಗಿ ಹುಟ್ಟಿಕೊಂಡ ಹಿಲ್ಫುಲ್ ಫುದೂಲ್ ಒಪ್ಪಂದದಲ್ಲಿ ಅವರು ಪಾಲ್ಗೊಂಡಿದ್ದರು. ಇಸ್ಲಾಮ್ ಬಂದ ನಂತರವೂ ಅಂತಹುದಕ್ಕೆ ಕರೆದರೆ ಓಗೊಡುವೆನೆಂದು ಹೇಳಿದ್ದರು. ನೆರೆಹೊರೆಯವರ ಕೂಟಕ್ಕೆ ಬೆಲೆ ಬರುವುದು ಅದು ದುರ್ಬಲನ ಹಕ್ಕನ್ನು ಕಾಯುವಾಗ.

ಕೊಲ್ಲಿಯ ಬಿಕ್ಕಟ್ಟಿನಲ್ಲಿ ಈ ಸುನ್ನತ್ತನ್ನು ನೆನಪಿಸಿದವರು ಕುವೈತ್‌ನ ಅಮೀರ್ ಶೇಖ್ ಸಬಾಹ್. ವೃದ್ಧಾಪ್ಯದಲ್ಲಿಯೂ ರಾಜಧಾನಿಯಿಂದ ರಾಜಧಾನಿಗೆ ಓಡಾಡಿದ ಅವರು 2020ರ ಸೆಪ್ಟೆಂಬರ್‌ನಲ್ಲಿ ಕಣ್ಮುಚ್ಚಿದರು. 2021ರ ಜನವರಿ 5ರಂದು ಅಲ್ ಉಲಾದಲ್ಲಿ ಸೌದಿಯ ಯುವರಾಜರು ಖತರ್‌ನ ಅಮೀರರನ್ನು ಆಲಿಂಗಿಸಿಕೊಂಡಾಗ ಅದನ್ನು ನೋಡಲು ಅವರಿರಲಿಲ್ಲ. ಸಲ್ವಾ ಗಡಿ ತೆರೆಯಿತು. 2025ರ ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾದ ಮೇಲೆ ದಾಳಿ ಮಾಡಿದಾಗ ಹಿಂದೆ ಮುನಿಸಿಕೊಂಡಿದ್ದವರೇ ಖತರ್‌ನ ಬೆಂಬಲಕ್ಕೆ ಬಂದರು. ಅಲ್‌ಹಮ್ದುಲಿಲ್ಲಾಹ್. ಆದರೆ ಒಬ್ಬ ಸಜ್ಜನ ಹಿರಿಯನ ತಾಳ್ಮೆಯ ಮೇಲೆ ಆರು ದೇಶಗಳ ಭವಿಷ್ಯ ಎಷ್ಟು ದಿನ ನಿಂತೀತು? ಆ 10ನೇ ವಿಧಿಗೆ ಜೀವ ತುಂಬಿ, ರಾಜರ ಮುನಿಸು ಪ್ರಜೆಗಳ ಮನೆಯನ್ನು ಒಡೆಯದಂತೆ ಕಾಯುವ ಶಾಶ್ವತ ಪೀಠವೊಂದನ್ನು ಕಟ್ಟದಿದ್ದರೆ, ಇಂದಿನ ಆಲಿಂಗನ ನಾಳೆಯ ಬೀಗವಾಗಲು ಹೆಚ್ಚು ಕಾಲ ಬೇಡ.

ರಾಜರಿಗೆ ಬುದ್ಧಿ ಹೇಳಿ ಮುಗಿಸುವುದು ಸುಲಭ. ನಮ್ಮ ಮನೆಗಳತ್ತಲೂ ಒಮ್ಮೆ ನೋಡಿಕೊಳ್ಳೋಣ. ತಂದೆ ತೀರಿಕೊಂಡ ಬಳಿಕ ಆಸ್ತಿಯ ವಿಷಯದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣ ತಮ್ಮಂದಿರು ನಮ್ಮ ಮೊಹಲ್ಲಾದಲ್ಲಿಲ್ಲವೇ? ಮೂರು ದಿನಗಳಿಗಿಂತ ಹೆಚ್ಚು ಕಾಲ ಸಹೋದರನಿಂದ ಮುಖ ತಿರುಗಿಸಬಾರದೆಂಬ ಪ್ರವಾದಿ ವಚನವನ್ನು ಕೇಳಿಯೂ ಒಂದೇ ಸಫ್‌ನಲ್ಲಿ ಎರಡು ತುದಿಗಳಲ್ಲಿ ನಿಲ್ಲುವವರಿಲ್ಲವೇ? ಪಾಲುದಾರಿಕೆಯನ್ನು ಬರೆದಿಡೋಣವೆಂದರೆ, "ನಮ್ಮೊಳಗೆ ಕಾಗದವೇಕೆ?" ಎನ್ನುತ್ತೇವೆ. ಆದರೆ ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ನಿಲ್ಲಿಸಿ ಎಂಬ ಆದೇಶವಿರುವುದು ಕುರ್‌ಆನಿನ ಅತಿ ದೀರ್ಘ ವಚನದಲ್ಲಿ. ದಂಪತಿಗಳ ನಡುವೆ ಬಿರುಕು ಮೂಡಿದರೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥನನ್ನು ನೇಮಿಸಿ ಎನ್ನುವುದೂ ಅದೇ ಗ್ರಂಥ. ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ಸಂಬಂಧ ಉಳಿಯಲಿ ಎಂಬ ಕಾಳಜಿಯ ಗುರುತು. ನಮ್ಮ ಜಮಾಅತ್‌ಗಳು ಜಗಳ ಹತ್ತಿಕೊಂಡ ಮೇಲೆ ಹಿರಿಯರನ್ನು ಹುಡುಕುವ ಬದಲು, ಉಭಯ ಕಡೆಯವರೂ ನಂಬುವ ಸಂಧಾನ ಸಮಿತಿಯನ್ನು ಮೊದಲೇ ರಚಿಸಿಕೊಳ್ಳಲಿ.

ಮುರಿದ ಸಂಬಂಧಗಳನ್ನು ಜೋಡಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.