ಎಲ್ಲಾದಕ್ಕೂ ಗ್ಯಾಸ್ ಅನಬ್ಯಾಡ್ರಿ

ನಮ್ಮ ಕಡೆ ಹೆಂಗಸರ ಹೊಟ್ಟಿಗೆ ಇರೋದು ಒಂದ ರೋಗ, ಅದರ ಹೆಸರು ಗ್ಯಾಸ್. ಹೊಟ್ಟಿ ಉಬ್ಬಿದ್ರ ಗ್ಯಾಸ್, ಎರಡು ತುತ್ತಿಗೆ ಸಾಕಾದ್ರ ಗ್ಯಾಸ್, ಸೊಂಟ ಹಿಡದ್ರೂ ಗ್ಯಾಸ್. ಅತ್ತಿ ಅಜವಾನ ಕೊಡ್ತಾರ, ನೆಗೆಣ್ಣಿ ಇಂಗಿನ ಮಜ್ಜಿಗಿ ಮಾಡ್ತಾಳ, ಓಣ್ಯಾಗಿನ ಹಿರ್ಯಾರು "ಬಟ್ಟಿ ಸರದಿರಬೇಕು" ಅಂತ ಹೊಕ್ಕಳ ತಿಕ್ಕಲಿಕ್ಕೆ ಬರ್ತಾರ. ಔಷಧ ಅಂಗಡಿಯವ ಪ್ಯಾಂಟೊಪ್ರಜೋಲ್ ಸ್ಟ್ರಿಪ್ ಹರದು ಕೊಡ್ತಾನ. ಆರು ತಿಂಗಳು ಹಿಂಗ ಹೋಗ್ತಾವ.

ಅಜವಾನದ ಮ್ಯಾಲೆ ನಂಗ ಸಿಟ್ಟಿಲ್ಲ. ಹೋಳಗಿ ಉಂಡು ಹೊಟ್ಟಿ ಭಾರಾದ್ರ ನಾನೂ ಅದನ್ನ ಅಗಿಯೋಕಿ. ಆದ್ರ ಅದು ಮರುದಿನ ಇಳೀತದ. ನನ್ನ ತಕರಾರು ಇಳೀಲಾರದ ಹೊಟ್ಟಿದು.

ಅಂಡಾಶಯ ಕಿಬ್ಬೊಟ್ಟಿ ಒಳಗ ಆಳದಾಗ, ಗರ್ಭಕೋಶದ ಎರಡೂ ಬದಿಗೆ ಇರ್ತಾವ. ಸುತ್ತ ಜಾಗಾ ಇರೋದ್ರಿಂದ ಅಲ್ಲಿ ಗಡ್ಡಿ ಬೆಳದ್ರೂ ಭಾಳ ದಿನ ನೋವ ಗೊತ್ತಾಗೂದಿಲ್ಲ. ಕ್ಯಾನ್ಸರ್ ಇದ್ರ ಹೊಟ್ಟಿಯೊಳಗ ನೀರೂ ತುಂಬಬಹುದು. ಆವಾಗ ಪರಕಾರದ ಲಾಡಿ ಬಿಗಿ ಆಗ್ತದ, ಅದ ಹೊತ್ತಿಗೆ ಜಂಪರಿನ ತೋಳು ಸಡ್ಲಾಗ್ತದ. ಹೊಟ್ಟಿ ಮುಂದ, ಕೈಕಾಲು ಕಡ್ಡಿ. ಇದನ್ನ ನೋಡಿ "ವಯಸ್ಸಾತು, ಹೊಟ್ಟಿ ಬರೂದ" ಅಂತಾರಲ್ಲ, ಅವರಿಗೆ ಏನನ್ನಬೇಕು? ವಯಸ್ಸಿನ ಹೊಟ್ಟಿ ವರ್ಷಗಟ್ಟಲೆ ಬರ್ತದ. ಎರಡು ತಿಂಗಳದಾಗ ಬರೂದಿಲ್ಲ.

ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲೇ ವೈದ್ಯರಿಗೆ ಸೂಚನೆ ಕೊಟ್ಟದ: ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಅವಸರದ ಮೂತ್ರ — ಇವು ತಿಂಗಳಿಗೆ 12 ಸಲಕ್ಕಿಂತ ಹೆಚ್ಚು ಕಂಡರೆ, ಅದರಲ್ಲೂ 50 ದಾಟಿದವರಲ್ಲಿ, ಸಿಎ-125 ರಕ್ತಪರೀಕ್ಷೆ ಮಾಡಿಸಬೇಕು. ಅದು 35 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೊಟ್ಟೆ, ಕಿಬ್ಬೊಟ್ಟೆಯ ಸ್ಕ್ಯಾನ್. ಹಾಲಿನ ಲೆಕ್ಕ ಬರಿಯೋ ಕ್ಯಾಲೆಂಡರಿನಾಗ ಹೊಟ್ಟಿ ಉಬ್ಬಿದ ದಿನಕ್ಕೂ ಒಂದು ಗೆರಿ ಹಾಕ್ರಿ. ಅರ್ಧಾ ಲೀಟರ್ ಹಾಲಿನ ಲೆಕ್ಕ ತಪ್ಪೂದಿಲ್ಲ, ನಮ್ಮ ಮೈಯಿಂದು ಮಾತ್ರ ಯಾರೂ ಇಡೂದಿಲ್ಲ.

"ಸುಮ್ಮನ ಹೆದರಸ್ತೀ" ಅಂತ ಬೈಯೋರಿದ್ದಾರ. ಹೆದರಿಕಿ ಬ್ಯಾಡ. ಹಿಂಗಿದ್ದ ಭಾಳ ಮಂದಿಗೆ ಕ್ಯಾನ್ಸರ್ ಇರೂದಿಲ್ಲ. ಫೈಬ್ರಾಯ್ಡ್ ಇರಬಹುದು, ಕರುಳಿನ ಕಿರಿಕಿರಿ ಇರಬಹುದು, ಥೈರಾಯ್ಡ್‌ದಿಂದ ಮಲಬದ್ಧತೆ ಆಗಿರಬಹುದು. ಆ ಸಿಎ-125 ಸುದ್ದಾ ಫೈಬ್ರಾಯ್ಡಿಗೂ ಏರ್ತದ, ಮುಟ್ಟಿನಾಗೂ ಏರ್ತದ. ಮೊದಲ ಹಂತದ ಕ್ಯಾನ್ಸರಿನಾಗ ಕೆಲವರಿಗೆ ಏರೂದ ಇಲ್ಲ. ಹಂಗಾಗಿ ನೀವ ಲ್ಯಾಬಿಗೆ ಓಡಿ ರಿಪೋರ್ಟ್ ಹಿಡಕೊಂಡು ಅಳಕೋತ ಕೂಡಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ. ಯಾವದು ಅಂತ ತಿಳಕೊಳ್ಳಲಾರದ ಎಲ್ಲಾದಕ್ಕೂ ಒಂದ ಹೆಸರು ಇಡೋದಕ್ಕ ನನ್ನ ವಿರೋಧ.

"ಪ್ಯಾಪ್ ಟೆಸ್ಟ್ ಮಾಡ್ಸೇನಿ, ಎಲ್ಲಾ ನಾರ್ಮಲ್" ಅನ್ನೋರಿಗೂ ಒಂದು ಮಾತು. ಅದು ಗರ್ಭಕೋಶದ ಬಾಯಿ ನೋಡೋ ಪರೀಕ್ಷಾ. ಅಂಡಾಶಯದ ಸುದ್ದಿ ಅದಕ್ಕ ಗೊತ್ತಿಲ್ಲ. ಎಂಡೋಸ್ಕೋಪಿಗೂ ಗೊತ್ತಿಲ್ಲ, ಅದು ಜಠರದ ತನಕ ಇಳದು ವಾಪಸ್ ಬರ್ತದ. ಮತ್ತ, ಮುಟ್ಟು ನಿಂತು ವರ್ಷ ದಾಟಿದ ಮ್ಯಾಲೆ ಒಂದು ಹನಿ ರಕ್ತ ಕಂಡರೂ "ಉಷ್ಣ ಆಗೇದ" ಅಂತ ಎಳನೀರು ಕುಡದು ಮಲಗಬ್ಯಾಡ್ರಿ. ಅದೇ ವಾರ ತೋರಸ್ರಿ.

ಇನ್ನ ತೋರಸೋ ರೀತಿ. ಡಾಕ್ಟರ್ ನಮ್ಮನ್ನ ಕೇಳಿದ್ರ ಯಜಮಾನರು ಉತ್ತರ ಕೊಡ್ತಾರ: "ಏನಿಲ್ಲ ಸರ್, ಸ್ವಲ್ಪ ಗ್ಯಾಸ್." ಅಲ್ಲಿಗೆ ಮುಗೀತು, ಅದ ಗುಳಗಿ, ಅದ ಚೀಟಿ. ಕ್ಯಾಲೆಂಡರ್ ಹಾಳಿ ಟೇಬಲ್ ಮ್ಯಾಲೆ ಇಡ್ರಿ. "ಗುಳಗಿ ತೊಗೊಂಡು ತಿಂಗಳಾತು, ಕಡಿಮಿ ಆಗಿಲ್ಲ, ಹೊಟ್ಟಿ ಮುಟ್ಟಿ ನೋಡ್ರಿ" ಅನ್ರಿ. ಯಜಮಾನರು ಹೊರಗ ಬೆಂಚಿನ ಮ್ಯಾಲೆ ಕೂತು ಪೇಪರ್ ಓದ್ಲಿ.